ಕಲಾಚಿಕಿತ್ಸೆ: ಒಂದು ವೃತ್ತಿಯ ಪೂರ್ವೋತ್ತರ

ಶ್ರೀರಂಗಪಟ್ಟಣದ ನೆರೆಯಲ್ಲಿರುವ ಬಾಬುರಾಯನಕೊಪ್ಪಲಿನವರಿಗೆ ದರಿಯಾ ದೌಲತ್ ದೂರದ ವಸ್ತುವಲ್ಲ. ಪರಸ್ಥಳದಿಂದ ನೆಂಟರು ಬಂದರೆ, ರಂಗನಾಥನ ದರ್ಶನವಾದ ಮೇಲೆ ಅವರನ್ನು ಕರೆದೊಯ್ಯುವುದು ಆ ತೋಟದರಮನೆಗೇ. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಈ ಅರಮನೆಯ ಪಶ್ಚಿಮದ ಗೋಡೆಯಲ್ಲಿ, ೧೭೮೦ರಲ್ಲಿ ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ನಡೆದ ಕಾಳಗವು ವಿಸ್ತಾರವಾಗಿ ಚಿತ್ರಿತವಾಗಿದೆ. ಒಂದು ಕಡೆ ಹೈದರ್ ಟಿಪ್ಪುಗಳ ವಿಜಯಸೇನೆ. ಇನ್ನೊಂದು ಕಡೆ ಸುತ್ತುಗಟ್ಟಲ್ಪಟ್ಟ ಆಂಗ್ಲ ದಳದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ. ಸೆರೆಸಿಕ್ಕಿದ ಆ ಸೇನಾಪತಿಯನ್ನು ಶ್ರೀರಂಗಪಟ್ಟಣಕ್ಕೇ ತಂದರು. ೧೭೮೨ರಲ್ಲಿ ಅವನು ಸೆರೆಯಲ್ಲಿಯೇ ಪ್ರಾಣಬಿಟ್ಟನು.

ಆ ಗೋಡೆಯ ಚಿತ್ರವು ಗೆದ್ದವರ ಚಿತ್ರ. ನೋಡುವವರ ಕಣ್ಣಿಗಾಗಿ, ಅರಸನ ಕೀರ್ತಿಗಾಗಿ, ನುರಿತ ಚಿತ್ರಗಾರರ ಕೈಯಿಂದ ಬರೆಯಿಸಲ್ಪಟ್ಟದ್ದು. ಚಿತ್ರವೆಂದರೆ ಲೋಕದಲ್ಲಿ ಬಹುಕಾಲ ತಿಳಿದಿದ್ದುದು ಹೀಗೆಯೇ: ಬರೆಯುವವನು ಒಬ್ಬ ಕುಶಲಿ, ಬರೆಯಿಸುವವನು ಒಬ್ಬ ಪ್ರಭು, ನೋಡುವವರು ಸಮಸ್ತರು. ಆದರೆ ಸೆರೆಮನೆಯಲ್ಲಿದ್ದ ಬೇಯ್ಲಿಯ ಕೈಗೆ ಯಾರಾದರೂ ಒಂದು ಇದ್ದಲಿನ ತುಂಡನ್ನು ಕೊಟ್ಟಿದ್ದರೆ ಅದೇ ಕಾಳಗವನ್ನು ಅವನು ಹೇಗೆ ಬರೆಯುತ್ತಿದ್ದನು? ಈ ಪ್ರಶ್ನೆಯನ್ನು ಆ ಕಾಲದಲ್ಲಿ ಯಾರೂ ಕೇಳಲಿಲ್ಲ; ಕೇಳಬೇಕೆಂದು ಯಾರಿಗೂ ತೋರಲೂ ಇಲ್ಲ. ನೊಂದವನ ಕೈಗೇ ಕುಂಚವನ್ನು ಕೊಟ್ಟು, ಅವನು ಬರೆದುದನ್ನು ಅವನ ಪಕ್ಕದಲ್ಲಿ ಕುಳಿತು ನೋಡುವ ವೃತ್ತಿಯೊಂದು ಹುಟ್ಟಿದುದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಕಲಾಚಿಕಿತ್ಸೆಯೆಂದು ಹೆಸರು. ಇಂಗ್ಲಿಷಿನಲ್ಲಿ ಆರ್ಟ್ ಥೆರಪಿ ಎನ್ನುತ್ತಾರೆ. ಚಿತ್ರವು ಯಾರಿಗಾಗಿ, ಚಿತ್ರವು ಯಾರದು ಎಂಬ ಎರಡು ಪ್ರಶ್ನೆಗಳಿಗೆ ಹೊಸ ಉತ್ತರವನ್ನು ಹುಡುಕಿದ ಕಥೆಯೇ ಈ ವೃತ್ತಿಯ ಚರಿತ್ರೆ.

ಹೆಸರು ಹೊಸದಾದರೂ ಇದರ ಬೀಜವು ಹಳೆಯ ಶಾಸ್ತ್ರಗಳಲ್ಲಿ ಇಲ್ಲದೆ ಇಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ರೋಗಿಗಾಗಿ ಸಜ್ಜುಗೊಳಿಸಬೇಕಾದ ಮನೆಯ ವರ್ಣನೆಯಿದೆ. ಗಾಳಿ ಹಿತವಾಗಿ ಆಡಬೇಕು, ಹೊಗೆ ಬಿಸಿಲುಗಳ ಬಾಧೆ ಇರಬಾರದು ಎಂದು ಮೊದಲುಗೊಂಡು ಅಡಿಗೆಯವರು, ಹಾಸಿಗೆ ಹಾಸುವವರು, ಔಷಧ ಅರೆಯುವವರು ಇವರನ್ನೆಲ್ಲ ಹೇಳಿ, ಅವರೊಡನೆ ಗೀತವಾದ್ಯಗಳಲ್ಲಿಯೂ ಶ್ಲೋಕ, ಗಾಥೆ, ಆಖ್ಯಾಯಿಕೆ, ಇತಿಹಾಸ ಪುರಾಣಗಳಲ್ಲಿಯೂ ಕುಶಲರಾದವರು ಇರಬೇಕೆಂದು ಆಚಾರ್ಯನು ವಿಧಿಸಿದ್ದಾನೆ. ನಾಟ್ಯಶಾಸ್ತ್ರವೂ ದುಃಖಾರ್ತರಿಗೆ, ಶ್ರಮಾರ್ತರಿಗೆ, ಶೋಕಾರ್ತರಿಗೆ ನಾಟ್ಯವು ವಿಶ್ರಾಂತಿಯನ್ನು ಉಂಟುಮಾಡುವುದೆಂದು ಹೇಳುತ್ತದೆ. ಆದರೆ ಇಲ್ಲೆಲ್ಲ ರೋಗಿಯು ಕೇಳುವವನು ಅಥವಾ ನೋಡುವವನು. ಹಾಡುವವನೂ ಹೇಳುವವನೂ ಬೇರೊಬ್ಬನು.

ಇದೇ ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದ್ದಾನೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಗೆ ಇರಬೇಕಾದ ಗುಣಗಳಲ್ಲಿ ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭೀತಿ ಇವುಗಳೊಡನೆ ಜ್ಞಾಪಕತ್ವ ಎಂಬುದೊಂದಿದೆ. ತನ್ನ ರೋಗವನ್ನು ಇನ್ನೊಬ್ಬರಿಗೆ ತಿಳಿಯಪಡಿಸುವ ಶಕ್ತಿಯೆಂದು ಅದರ ಅರ್ಥ. ಈ ಒಂದು ಪದದಲ್ಲಿ ಪ್ರಕೃತ ವಿಷಯದ ತಿರುಳೆಲ್ಲ ಅಡಗಿದೆ ಎನ್ನಬಹುದು. ಹೊಟ್ಟೆನೋವನ್ನು ಬಾಯಿಂದ ಹೇಳಬಹುದು; ಎದೆಯೊಳಗಿನ ಕತ್ತಲೆಯನ್ನು ಹೇಳುವುದು ಹೇಗೆ? ಮಾತು ಇನ್ನೂ ಬಲಿಯದ ಮಗು, ಶೋಕದಿಂದ ನಾಲಗೆ ಕಟ್ಟಿಹೋದ ತಾಯಿ, ಬುದ್ಧಿಭ್ರಮಣೆಯಿಂದ ಮಾತಿನ ಎಳೆ ಹರಿದುಹೋದವನು ಇವರಿಗೆಲ್ಲ ಜ್ಞಾಪಕತ್ವವು ಎಲ್ಲಿಂದ ಬರಬೇಕು? ಬಾಯಿಗೆ ಬಾರದುದು ಕೈಗೆ ಬರಬಹುದೆಂಬ ಆಶೆಯೇ ಕಲಾಚಿಕಿತ್ಸೆಯ ಮೂಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಚಿತ್ರಕ್ಕೂ ನವರಸಗಳನ್ನು ಹೇಳಿ, ವಾಸದ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ಈ ಮೂರನ್ನು ಮಾತ್ರ ಬರೆಯಬೇಕೆಂದೂ ಉಳಿದುವಕ್ಕೆ ರಾಜಸಭೆ ದೇವಾಲಯಗಳೇ ತಕ್ಕ ಸ್ಥಳವೆಂದೂ ನಿಯಮಿಸುತ್ತದೆ. ಭಯಾನಕವನ್ನೂ ಬೀಭತ್ಸವನ್ನೂ ನಿತ್ಯವೂ ಕಣ್ಣೆದುರು ಇಟ್ಟುಕೊಂಡರೆ ಮನೆಯವರ ಮನಸ್ಸು ಕೆಡುವುದೆಂಬುದು ಇದರ ಅಭಿಪ್ರಾಯವಾಗಿರಬೇಕು. ಹಾಗಾದರೆ ರೋಗಿಯು ತನ್ನ ಭಯವನ್ನೇ ಬರೆಯುವುದು ಹಿತವೇ? ಶಾಸ್ತ್ರದ ನಿಯಮವು ಗೋಡೆಯ ಚಿತ್ರಕ್ಕೆ ಸಂಬಂಧಪಟ್ಟದ್ದೆಂಬುದನ್ನು ಮರೆಯಬಾರದು. ಕಲಾಚಿಕಿತ್ಸೆಯ ಹಾಳೆಯು ಗೋಡೆಗೆ ಏರತಕ್ಕದ್ದಲ್ಲ. ಮನಸ್ಸಿನ ಒಳಮನೆಯಲ್ಲಿ ಬೀಡುಬಿಟ್ಟಿರುವ ಭಯವನ್ನು ಹೊರಗೆ ತಂದು, ಒಂದು ಗಳಿಗೆ ಎದುರಿಗೆ ಇಟ್ಟುಕೊಂಡು ನೋಡಿ, ಮಡಿಸಿ ಇಡುವುದಕ್ಕಾಗಿ ಅದು ಇರುವುದು. ಮನೆಯು ಶುಚಿಯಾಗಬೇಕಾದರೆ ಕಸವು ಬಾಗಿಲಿನಿಂದಲೇ ಹೊರಬೀಳಬೇಕಷ್ಟೆ.

ಇದು ಹಾಗಿರಲಿ. ಕನ್ನಡನಾಡಿನಲ್ಲಿ ಮನೋರೋಗಿಗಳ ಉಪಚಾರವು ಯಾವ ಕ್ರಮದಲ್ಲಿ ಬೆಳೆಯಿತೆಂಬುದನ್ನು ನೋಡಬೇಕು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ರಾಜಧಾನಿಯು ಮೈಸೂರಿಗೆ ಹೋಯಿತು. ದ್ವೀಪದಲ್ಲಿ ಉಳಿದ ಆಂಗ್ಲರ ದಂಡು ಜ್ವರದ ಕಾಟವನ್ನು ತಾಳಲಾರದೆ ೧೮೦೯ರ ವೇಳೆಗೆ ಬೆಂಗಳೂರಿಗೆ ವರ್ಗವಾಯಿತು. ಆ ಬೆಂಗಳೂರಿನಲ್ಲಿ, ಮಾರ್ಕ್ ಕಬ್ಬನ್ನನು ಕಮಿಷನರಾಗಿದ್ದ ಕಾಲದಲ್ಲಿ, ವೈದ್ಯನಾದ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಎಂಬವನ ಆರೈಕೆಯಲ್ಲಿ ೧೮೪೭ರಲ್ಲಿ ಹುಚ್ಚರ ಆಸ್ಪತ್ರೆಯೊಂದು ಸ್ಥಾಪಿತವಾಯಿತು. ೧೯೨೫ರಲ್ಲಿ ಆ ಒರಟು ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದರು. ಹೆಸರಿನ ಬದಲಾವಣೆ ಅಲ್ಪವೆಂದು ತೋರಬಹುದು. ಕೂಡಿಹಾಕುವ ಸ್ಥಳವು ವಾಸಿಮಾಡುವ ಸ್ಥಳವಾಗಬೇಕೆಂಬ ಸಂಕಲ್ಪವು ಅದರಲ್ಲಿದೆ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೦ರ ದಶಕದ ಕೊನೆಯಲ್ಲಿ, ಅದು ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂದಿತು. ಡಾಕ್ಟರ್ ಫ್ರಾಂಕ್ ನೊರೋನ್ಹ, ಅವರ ತರುವಾಯ ಭಾರತೀಯ ದರ್ಶನಗಳಲ್ಲಿಯೂ ಆಸಕ್ತರಾಗಿದ್ದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ ಇವರು ಅದನ್ನು ಬೆಳೆಯಿಸಿದರು. ೧೯೫೪ರಲ್ಲಿ ಅದರ ಜೊತೆಗೆ ಅಖಿಲಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಇವೆರಡೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರು ಪಡೆದವು.

ಈ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ಬಡಗಿತನ, ಹೊಲಿಗೆ, ಮುದ್ರಣ, ಮೇಣದಬತ್ತಿ ಮಾಡುವುದು ಮುಂತಾದ ಕೆಲಸಗಳನ್ನು ಗುಣಹೊಂದುತ್ತಿರುವವರಿಗೆ ಕಲಿಸುವ ಪದ್ಧತಿಯುಂಟು. ಕೈಗೆ ಕೆಲಸವಿದ್ದರೆ ಮನಸ್ಸಿಗೆ ನೆಲೆ ಸಿಕ್ಕುವುದೆಂಬ ಅನುಭವ ಇದರ ಹಿಂದಿದೆ. ಆದರೆ ಕಸಬು ಬೇರೆ, ಕಲಾಚಿಕಿತ್ಸೆ ಬೇರೆ. ಕಸಬಿನಲ್ಲಿ ವಸ್ತುವು ಚೆನ್ನಾಗಿ ಆಗಬೇಕು. ಮೇಜು ಅಲುಗಿದರೆ ಕೆಲಸ ಕೆಟ್ಟಿತು. ಕಲಾಚಿಕಿತ್ಸೆಯಲ್ಲಿ ಚಿತ್ರವು ಚೆನ್ನಾಗಿ ಆಗಬೇಕಾದ ನಿಯಮವಿಲ್ಲ, ಬರೆದವನದಾಗಿದ್ದರೆ ಸಾಕು. ಈ ಭೇದವು ಸ್ಪಷ್ಟವಾಗಲು ಪಶ್ಚಿಮದೇಶಗಳಲ್ಲಿ ಸುಮಾರು ಅರ್ಧ ಶತಮಾನ ಹಿಡಿಯಿತು.

ಜರ್ಮನಿಯ ಹೈಡೆಲ್‌ಬರ್ಗಿನ ಮನೋವೈದ್ಯಶಾಲೆಯಲ್ಲಿ ಹಾನ್ಸ್ ಪ್ರಿನ್ಸ್‌ಹಾರ್ನ್ ಎಂಬ ವೈದ್ಯನಿದ್ದನು. ಕಲೆಯ ಇತಿಹಾಸವನ್ನೂ ಓದಿದ್ದವನು. ಆತನು ನಾನಾ ಆಸ್ಪತ್ರೆಗಳಿಂದ ಮನೋರೋಗಿಗಳು ಬರೆದ ಸಾವಿರಾರು ಚಿತ್ರಗಳನ್ನು ಕೂಡಿಸಿ, ಅವನ್ನು ಕುರಿತು ೧೯೨೨ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಹುಚ್ಚರ ಗೀಚು ಎಂದು ಕಸದ ಬುಟ್ಟಿಗೆ ಹೋಗುತ್ತಿದ್ದುದನ್ನು ವಿದ್ವಾಂಸರು ಗೌರವದಿಂದ ನೋಡುವಂತಾಯಿತು. ಆದರೆ ಇದರ ಮುಂದಿನ ಕಥೆ ದಾರುಣವಾದುದು. ೧೯೩೭ರಲ್ಲಿ ನಾಜಿ ಸರ್ಕಾರವು ‘ಅಧಃಪತಿತ ಕಲೆ’ ಎಂಬ ಹೆಸರಿನಿಂದ ಒಂದು ಪ್ರದರ್ಶನವನ್ನು ಆರಂಭಿಸಿ ಊರೂರು ತಿರುಗಿಸಿತು. ಹೊಸ ರೀತಿಯ ಚಿತ್ರಕಾರರನ್ನು ಹಾಸ್ಯಮಾಡಲು ಹೈಡೆಲ್‌ಬರ್ಗಿನ ರೋಗಿಗಳ ಚಿತ್ರಗಳನ್ನು ತಂದು ಅವರ ಚಿತ್ರಗಳ ಪಕ್ಕದಲ್ಲಿ ತೂಗುಹಾಕಿದರು. ಅಷ್ಟಕ್ಕೇ ಮುಗಿಯಲಿಲ್ಲ. ಆ ರಾಜ್ಯವು ಮನೋರೋಗಿಗಳನ್ನು ಬದುಕಲು ಅನರ್ಹರೆಂದು ನಿರ್ಣಯಿಸಿ ಸಾಮೂಹಿಕವಾಗಿ ಕೊಲ್ಲಿಸಿತು. ಪ್ರಿನ್ಸ್‌ಹಾರ್ನನು ಬಹುವಾಗಿ ಮೆಚ್ಚಿದ್ದ ಚಿತ್ರಗಳನ್ನು ಬರೆದ ಫ್ರಾನ್ಸ್ ಕಾರ್ಲ್ ಬ್ಯೂಲರ್ ಎಂಬ ಲೋಹಶಿಲ್ಪಿಯು ೧೯೪೦ರಲ್ಲಿ ಹೀಗೆ ಹತನಾದನು. ರೋಗಿಯ ಚಿತ್ರವನ್ನು ಅವನ ಕೈಯಿಂದ ಬಿಡಿಸಿ ಪರರ ವಾದಕ್ಕೆ ಸಾಧನವನ್ನಾಗಿ ಮಾಡಿಕೊಂಡರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಡ.

ಅದೇ ವರ್ಷಗಳಲ್ಲಿ ಅದೇ ಅಧಿಕಾರದ ಹಿಡಿತದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಕಾರ್ಯವೂ ನಡೆಯಿತು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಯಹೂದಿ ಚಿತ್ರಕರ್ತ್ರಿಯನ್ನು ೧೯೪೨ರಲ್ಲಿ ಪ್ರಾಗಿನ ಸಮೀಪದ ಟೆರೆಜಿನ್ ಎಂಬ ಸೆರೆಯೂರಿಗೆ ಸಾಗಿಸಿದರು. ಆಕೆಯು ಅಲ್ಲಿದ್ದ ಮಕ್ಕಳಿಗೆ ಸಿಕ್ಕಿದ ಕಾಗದದ ಮೇಲೆಯೇ ಚಿತ್ರ ಬರೆಯುವುದನ್ನು ಕಲಿಸಿದಳು. ಪ್ರತಿಯೊಂದು ಮಗುವೂ ತನ್ನ ಚಿತ್ರದ ಮೇಲೆ ತನ್ನ ಹೆಸರನ್ನು ಬರೆಯಬೇಕೆಂದು ಆಕೆಯ ಅಪೇಕ್ಷೆ. ಹೆಸರಿಗೆ ಬದಲಾಗಿ ಸಂಖ್ಯೆ ಕೊಡುವ ಕಡೆ ಅದೇ ಒಂದು ಔಷಧ. ೧೯೪೪ರಲ್ಲಿ ಆಕೆಯನ್ನು ಆಶ್‌ವಿಟ್ಸಿಗೆ ಕಳುಹಿಸಿ ಕೊಂದರು. ಬಚ್ಚಿಟ್ಟಿದ್ದ ಎರಡು ಪೆಟ್ಟಿಗೆಗಳಲ್ಲಿ ಮಕ್ಕಳ ಸುಮಾರು ೪,೫೦೦ ಚಿತ್ರಗಳು ಉಳಿದು ಬಂದವು. ಆಕೆಯ ಶಿಷ್ಯೆಯಾದ ಈಡಿತ್ ಕ್ರೇಮರಳು ೧೯೩೮ರಲ್ಲಿಯೇ ಅಮೆರಿಕಕ್ಕೆ ಹೋಗಿ, ಮುಂದೆ ಅಲ್ಲಿ ಮಕ್ಕಳ ಕಲಾಚಿಕಿತ್ಸೆಗೆ ಅಸ್ತಿಭಾರ ಹಾಕಿದವರಲ್ಲಿ ಒಬ್ಬಳಾದಳು.

ಇನ್ನು ಈ ವಿದ್ಯೆಗೆ ಹೆಸರು ಬಂದುದು ಹುಚ್ಚಿನ ಆಸ್ಪತ್ರೆಯಲ್ಲಿ ಅಲ್ಲ, ಕ್ಷಯರೋಗಿಗಳ ಆರೋಗ್ಯಧಾಮದಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ಈ ಸೀಮೆಯವರಿಗೆ ಅಂಥ ಧಾಮದ ಪರಿಚಯ ಚೆನ್ನಾಗಿ ಉಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಪುತ್ರಿಯರೂ ಕ್ಷಯರೋಗಕ್ಕೆ ತುತ್ತಾದರು. ಅರಮನೆಯ ಐಶ್ವರ್ಯವು ತಡೆಯಲಾರದ ಆ ರೋಗದಿಂದ ಪ್ರಜೆಗಳನ್ನಾದರೂ ರಕ್ಷಿಸಬೇಕೆಂದು ರಾಜಕುಮಾರಿಯ ಹೆಸರಿನಲ್ಲಿ ೧೯೨೧ರಲ್ಲಿ ಮೈಸೂರಿನಲ್ಲಿ ಕ್ಷಯರೋಗದ ಆಸ್ಪತ್ರೆಯು ಏರ್ಪಟ್ಟಿತು. ಆ ಕಾಲಕ್ಕೆ ಕ್ಷಯಕ್ಕೆ ನೇರವಾದ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತುದು ೧೯೪೦ರ ದಶಕದಲ್ಲಿ. ಶುದ್ಧವಾದ ಗಾಳಿ, ಪುಷ್ಟಿಯಾದ ಆಹಾರ, ತಿಂಗಳುಗಟ್ಟಲೆ ಹಾಸಿಗೆಯಲ್ಲಿ ವಿಶ್ರಾಂತಿ, ಇವೇ ಚಿಕಿತ್ಸೆ. ದೇಹಕ್ಕೆ ವಿಶ್ರಾಂತಿ ದೊರೆತರೂ, ಬದುಕುವೆನೋ ಸಾಯುವೆನೋ ಎಂದು ಮಾಡನ್ನೇ ನೋಡುತ್ತ ಮಲಗಿದವನ ಮನಸ್ಸಿಗೆ ವಿಶ್ರಾಂತಿ ಎಲ್ಲಿ?

ಇಂಗ್ಲೆಂಡಿನ ಮಿಡ್‌ಹರ್ಸ್ಟಿನಲ್ಲಿದ್ದ ಇಂಥದೇ ಆರೋಗ್ಯಧಾಮವೊಂದರಲ್ಲಿ ೧೯೩೮ರಲ್ಲಿ ಏಡ್ರಿಯನ್ ಹಿಲ್ ಎಂಬ ಚಿತ್ರಕಾರನು ಕ್ಷಯದಿಂದ ಮಲಗಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ರಣಭೂಮಿಯನ್ನು ಚಿತ್ರಿಸಿದ್ದವನು. ಬೇಸರವನ್ನು ಕಳೆಯಲು ಹಾಸಿಗೆಯ ಬಳಿ ಕಂಡ ವಸ್ತುಗಳನ್ನೇ ಬರೆಯತೊಡಗಿದಾಗ ತನ್ನ ಮನಸ್ಸು ರೋಗದಿಂದ ಬೇರೆಯಾಗಿ ನಿಲ್ಲುವುದನ್ನು ಕಂಡುಕೊಂಡನು. ನೆರೆಹಾಸಿಗೆಯವರಿಗೆ ಹೇಳಿಕೊಟ್ಟನು, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಹೇಳಿಕೊಟ್ಟನು. ೧೯೪೨ರಲ್ಲಿ ಈ ಕಾರ್ಯಕ್ಕೆ ಆರ್ಟ್ ಥೆರಪಿ ಎಂಬ ಹೆಸರನ್ನು ಇಟ್ಟವನು ಈತನೇ. ೧೯೪೫ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಬರೆದನು. ವೃತ್ತಿಗೆ ಹೆಸರಿಟ್ಟವನು ವೈದ್ಯನಲ್ಲ, ರೋಗಿ ಎಂಬುದನ್ನು ಈ ವೃತ್ತಿಗೆ ಸೇರುವವರು ಎಂದಿಗೂ ಮರೆಯಬಾರದು.

ಹಿಲ್ಲನು ಹೆಸರಿಟ್ಟನು, ಅದಕ್ಕೆ ನಡವಳಿಕೆಯ ಕ್ರಮವನ್ನು ತೋರಿಸಿದವನು ಎಡ್ವರ್ಡ್ ಆಡಮ್ಸನ್. ಸರ್ರಿ ಪ್ರಾಂತದ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ೧೯೪೬ರಲ್ಲಿ ಈತನು ರೋಗಿಗಳಿಗಾಗಿ ಚಿತ್ರಶಾಲೆಯನ್ನು ತೆರೆದು, ೧೯೮೧ರವರೆಗೆ ಮೂವತ್ತೈದು ವರ್ಷ ಅದನ್ನು ನಡೆಸಿದನು. ಪಾಠ ಹೇಳಬಾರದು, ಚಿತ್ರಕ್ಕೆ ತನ್ನ ಅರ್ಥವನ್ನು ಹಚ್ಚಬಾರದು ಎಂಬುದೇ ಅವನ ಕೆಲಸದ ನಿಯಮ. ಕಾಗದ, ಬಣ್ಣ, ಪೀಠ ಇವನ್ನು ಅಣಿಮಾಡಿ, ಬರೆಯುವವನ ಸಮೀಪದಲ್ಲಿ ಸುಮ್ಮನೆ ಇರುವುದು. ಉಪಾಧ್ಯಾಯನಾದವನಿಗೆ ಇದು ಎಷ್ಟು ಕಷ್ಟವೆಂಬುದನ್ನು ಹೇಳತಕ್ಕದ್ದಿಲ್ಲ. ಗೆರೆ ಸೊಟ್ಟಗಾದರೆ ತಿದ್ದಲು ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇ ಇಲ್ಲಿ ಪಾಂಡಿತ್ಯ. ಚರಕನು ಉಪಚಾರಕನಿಗೆ ಹೇಳಿದ ನಾಲ್ಕು ಗುಣಗಳು, ಅಂದರೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಇವು ಈ ಮನುಷ್ಯನಿಗೆ ಅಕ್ಷರಶಃ ಒಪ್ಪುತ್ತವೆ.

ಚಿತ್ರದ ಒಳಗಿನ ಅರ್ಥವನ್ನು ಅರಸಿದವರು ಬೇರೆ ಇದ್ದರು. ಅವರಲ್ಲಿ ಸ್ವಿಟ್ಜರ್‌ಲೆಂಡಿನ ಕಾರ್ಲ್ ಯುಂಗನು ಮುಖ್ಯನು. ೧೯೧೩ರ ತರುವಾಯ ತನ್ನ ಮನಸ್ಸಿಗೇ ಒದಗಿದ ಕ್ಷೋಭೆಯ ಕಾಲದಲ್ಲಿ ಕಂಡ ಸ್ವಪ್ನದೃಶ್ಯಗಳನ್ನು ಅವನು ತಾನೇ ಬಣ್ಣಗಳಲ್ಲಿ ಬರೆದಿಟ್ಟನು. ಕೆಂಪು ಹೊದಿಕೆಯ ಆ ಹೊತ್ತಗೆಯು ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ೨೦೦೯ರಲ್ಲಿ, ಅಚ್ಚಾಯಿತು. ಮಂಡಲಾಕಾರದ ಚಿತ್ರಗಳಲ್ಲಿ ಚದರಿದ ಮನಸ್ಸು ತನ್ನ ಕೇಂದ್ರವನ್ನು ಹುಡುಕುತ್ತದೆಂದು ಅವನ ಮತ. ೧೯೩೭-೩೮ರ ಚಳಿಗಾಲದಲ್ಲಿ ಭಾರತಕ್ಕೆ ಬಂದಾಗ ಈತನು ಮೈಸೂರಿನಲ್ಲಿಯೂ ಕೆಲವು ಕಾಲ ಅತಿಥಿಯಾಗಿದ್ದು, ಮಹಾರಾಜರಿಗೆ ವೇದಾಂತದ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರೊಡನೆ ಸಂಭಾಷಿಸಿದುದನ್ನು ತನ್ನ ಸ್ಮರಣಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಮನೆಯಂಗಳದಲ್ಲಿ ನಿತ್ಯವೂ ಚುಕ್ಕಿಯಿಟ್ಟು ಮಂಡಲ ಬರೆಯುವ ನಾಡಿಗೆ ಯುಂಗನು ಬಂದುದು ವಿಶೇಷವೇ ಸರಿ. ಆದರೆ ರಂಗವಲ್ಲಿಯು ಮಂಗಳಕ್ಕಾಗಿ ಬರೆಯುವುದು, ಚಿಕಿತ್ಸೆಗಾಗಿ ಅಲ್ಲ. ಎಲ್ಲ ಹಳೆಯ ಆಚಾರಗಳಿಗೂ ಹೊಸ ಶಾಸ್ತ್ರದ ಪಟ್ಟ ಕಟ್ಟುವ ಆತುರವು ಎರಡಕ್ಕೂ ಗೌರವವಲ್ಲ.

ಹೀಗೆ ಬೇರೆಬೇರೆ ಕಡೆ ಹುಟ್ಟಿದ ತೊರೆಗಳು ಕೂಡಿ ಒಂದು ವೃತ್ತಿಯಾಯಿತು. ೧೯೬೪ರಲ್ಲಿ ಬ್ರಿಟನ್ನಿನಲ್ಲಿಯೂ ೧೯೬೯ರಲ್ಲಿ ಅಮೆರಿಕದಲ್ಲಿಯೂ ಕಲಾಚಿಕಿತ್ಸಕರ ಸಂಘಗಳು ಏರ್ಪಟ್ಟವು. ೧೯೯೭ರಲ್ಲಿ ಬ್ರಿಟನ್ನಿನ ಶಾಸನವು ಈ ವೃತ್ತಿಯನ್ನು ಅಂಗೀಕರಿಸಿತು. ಅಲ್ಲಿ ಇಂದು ಸ್ನಾತಕೋತ್ತರ ಪದವಿಯೂ ಸರ್ಕಾರಿ ದಾಖಲೆಯಲ್ಲಿ ಹೆಸರೂ ಇಲ್ಲದೆ ಕಲಾಚಿಕಿತ್ಸಕನೆಂದು ಹೇಳಿಕೊಳ್ಳುವುದು ಅಪರಾಧ. ಭಾರತದಲ್ಲಿ ಬಹುಕಾಲ ಇಂಥ ಕಟ್ಟುಪಾಡು ಇರಲಿಲ್ಲ. ೨೦೨೧ರಲ್ಲಿ ಆರೋಗ್ಯಸಂಬಂಧವಾದ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವನ್ನು ಸ್ಥಾಪಿಸುವ ಶಾಸನವಾದಾಗ, ಅದರ ಅನುಸೂಚಿಯಲ್ಲಿ ಕಲೆ ಮತ್ತು ನೃತ್ಯಚಲನೆಗಳ ಚಿಕಿತ್ಸಕರ ಹೆಸರೂ ಸೇರಿತು. ಶಾಸನದಲ್ಲಿ ಹೆಸರು ಬಂದಿತೆಂದರೆ ವೃತ್ತಿಯು ಬೇರೂರಿತೆಂದಲ್ಲ. ನೆಲ ಗೊತ್ತಾಯಿತು ಎಂದು ಮಾತ್ರ ಹೇಳಬಹುದು.

ಈ ವಿದ್ಯೆಯ ಫಲವನ್ನು ಕುರಿತು ಅತಿಶಯೋಕ್ತಿ ಸಲ್ಲದು. ಚಿತ್ತವಿಕಲತೆಯುಳ್ಳ, ಅಂದರೆ ಸ್ಕಿಜೋಫ್ರೇನಿಯಾ ರೋಗವುಳ್ಳ, ೪೧೭ ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶವು ೨೦೧೨ರಲ್ಲಿ ಪ್ರಕಟವಾಯಿತು. ವಾಡಿಕೆಯ ಚಿಕಿತ್ಸೆಯೊಡನೆ ಗುಂಪಿನ ಕಲಾಚಿಕಿತ್ಸೆಗೂ ಸೇರಿಸಲ್ಪಟ್ಟವರಿಗೆ, ವಾಡಿಕೆಯ ಚಿಕಿತ್ಸೆಯನ್ನು ಮಾತ್ರ ಪಡೆದವರಿಗಿಂತ ಹೆಚ್ಚಿನ ಗುಣವು ಕಾಣಲಿಲ್ಲ. ಹೇಳಿಕಳುಹಿಸಿದವರಲ್ಲಿ ಅನೇಕರು ಸರಿಯಾಗಿ ಬರಲೂ ಇಲ್ಲ. ಇದರಿಂದ ವಿದ್ಯೆಯೇ ವ್ಯರ್ಥವೆಂದು ತೀರ್ಮಾನಿಸುವುದು ಆತುರವಾದರೂ, ಔಷಧದ ಸ್ಥಾನದಲ್ಲಿ ಕುಂಚವನ್ನು ಇಡಬಾರದೆಂಬುದು ಇದರಿಂದ ಖಂಡಿತವಾಗಿ ಸಿದ್ಧವಾಗುತ್ತದೆ. ಹಿಲ್ಲನ ಶ್ವಾಸಕೋಶವನ್ನು ಚಿತ್ರವು ವಾಸಿಮಾಡಲಿಲ್ಲ. ವಾಸಿಯಾಗುವವರೆಗೆ ಅವನನ್ನು ಎತ್ತಿಹಿಡಿಯಿತು. ಅಷ್ಟು ಮಾಡಿದರೂ ಅಲ್ಪವಲ್ಲ. ಇನ್ನು, ಮಗುವು ಕಪ್ಪು ಬಣ್ಣವನ್ನು ಹಿಡಿಯಿತು, ಆದುದರಿಂದ ಅದಕ್ಕೆ ದುಃಖವಿದೆ ಎಂದು ಹೇಳುವವರು ಕಲಾಚಿಕಿತ್ಸಕರಲ್ಲ; ಜಾತಕ ನೋಡದೆ ಫಲ ಹೇಳುವವರು. ಉಳ್ಳುದು ಕಪ್ಪು ಬಳಪವೊಂದೇ ಆಗಿದ್ದಿರಬಹುದು.

ಈ ವೃತ್ತಿಗೆ ಪ್ರವೇಶಿಸುವ ಮಾರ್ಗವೇನು? ಚಿತ್ರಸೂತ್ರದಲ್ಲಿಯೇ ಇದಕ್ಕೆ ಒಂದು ಸೂಚನೆಯಿದೆ. ಪ್ರತಿಮಾಲಕ್ಷಣವನ್ನು ತಿಳಿಸೆಂದು ವಜ್ರನೆಂಬ ರಾಜನು ಕೇಳಲು, ಚಿತ್ರವನ್ನು ಅರಿಯದವನಿಗೆ ಪ್ರತಿಮೆಯು ತಿಳಿಯದು, ನೃತ್ತವನ್ನು ಅರಿಯದವನಿಗೆ ಚಿತ್ರವು ತಿಳಿಯದು, ವಾದ್ಯವಿಲ್ಲದೆ ನೃತ್ತವಿಲ್ಲ, ಗೀತವಿಲ್ಲದೆ ವಾದ್ಯವಿಲ್ಲ ಎಂದು ಮಾರ್ಕಂಡೇಯನು ಅವನನ್ನು ಹಿಂದುಹಿಂದಕ್ಕೆ ಕರೆದುಕೊಂಡು ಹೋಗುತ್ತಾನೆ. ಕಲಾಚಿಕಿತ್ಸೆಗೂ ಇಂಥ ಅಧಿಕಾರಕ್ರಮವುಂಟು. ಚಿಕಿತ್ಸೆ ಮಾಡಬೇಕಾದರೆ ಮನಸ್ಸಿನ ಶಾಸ್ತ್ರ ತಿಳಿದಿರಬೇಕು. ಬಣ್ಣ ಮಣ್ಣುಗಳ ಸ್ವಭಾವವು ಸ್ವಂತ ಕೈಗೆ ತಿಳಿದಿರಬೇಕು. ಹಿರಿಯರೊಬ್ಬರ ಕಣ್ಣೆದುರಿನಲ್ಲಿ ಬಹುದಿನ ರೋಗಿಗಳೊಡನೆ ಅಭ್ಯಾಸ ಮಾಡಿರಬೇಕು. ಎಲ್ಲಕ್ಕೂ ಮೊದಲು ತನ್ನ ನೋವನ್ನು ತಾನು ಒಮ್ಮೆಯಾದರೂ ಹಾಳೆಯ ಮೇಲೆ ಕಂಡಿರಬೇಕು.

ಈ ಸೀಮೆಯ ತರುಣರಿಗೆ ಇವುಗಳ ಪೈಕಿ ಮೊದಲ ಎರಡು ಮೆಟ್ಟಲುಗಳು ದೂರವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವು ೧೯೨೪ರಷ್ಟು ಹಿಂದೆಯೇ ಆರಂಭವಾಯಿತು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಪ್ರಸಾರಮಾಡಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಯಿಸಿದವರು. ಚಿತ್ರವಿದ್ಯೆಗೆ ಮೈಸೂರಿನಲ್ಲಿ ಚಾಮರಾಜೇಂದ್ರರ ಹೆಸರಿನ ದೃಶ್ಯಕಲಾ ಕಾಲೇಜು, ಬೆಂಗಳೂರಿನಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತು ಇವೆ. ಮಾತು ಬಾರದವರ ಕಷ್ಟವನ್ನು ಅರಿಯಬಯಸುವವರಿಗೆ ೧೯೬೫ರಿಂದ ಮೈಸೂರಿನಲ್ಲಿರುವ ವಾಕ್ ಶ್ರವಣ ಸಂಸ್ಥೆಯಂಥದು ದೇಶದಲ್ಲಿಯೇ ವಿರಳ. ಪದವಿಯಲ್ಲಿ ಮನಶ್ಶಾಸ್ತ್ರವನ್ನಾಗಲಿ ಚಿತ್ರಕಲೆಯನ್ನಾಗಲಿ ಓದಿ, ಉಳಿದ ಇನ್ನೊಂದನ್ನು ಬೇರೆಯಾಗಿ ಅಭ್ಯಾಸಮಾಡಿ, ತರುವಾಯ ಕಲಾಚಿಕಿತ್ಸೆಯ ಸ್ನಾತಕೋತ್ತರ ಶಿಕ್ಷಣಕ್ಕೆ ಸೇರುವುದು ಲೋಕದಲ್ಲಿ ನಡೆದುಬಂದಿರುವ ದಾರಿ. ಮೂರನೆಯ ಮೆಟ್ಟಲಿನಲ್ಲಿ ಎಚ್ಚರ ಬೇಕು. ವಾರಾಂತ್ಯದ ನಾಲ್ಕು ದಿನಗಳಲ್ಲಿ ಪ್ರಮಾಣಪತ್ರ ಕೊಡುವವರ ಬಳಿ ಹಣ ಕಟ್ಟುವುದಕ್ಕೆ ಮುನ್ನ ಎರಡು ಪ್ರಶ್ನೆಗಳನ್ನು ಕೇಳಬೇಕು: ಶಿಕ್ಷಣದಲ್ಲಿ ಮೇಲ್ವಿಚಾರಣೆಯುಳ್ಳ ಅಭ್ಯಾಸವು ಎಷ್ಟು ಕಾಲ? ಈ ಪತ್ರವನ್ನು ಯಾವ ಶಾಸನಬದ್ಧ ಸಂಸ್ಥೆಯು ಅಂಗೀಕರಿಸುತ್ತದೆ? ಉತ್ತರ ತಡವರಿಸಿದರೆ ಹಿಂದಿರುಗುವುದು ಲೇಸು.

ಇದರಿಂದ ಹೊಟ್ಟೆ ತುಂಬುವುದೇ ಎಂದು ಮನೆಯ ಹಿರಿಯರು ಕೇಳುವುದು ನ್ಯಾಯವೇ. ಈ ಹೆಸರಿನ ಹುದ್ದೆಗಳು ಇಂದಿಗೂ ವಿರಳ. ಮನಶ್ಶಾಸ್ತ್ರಜ್ಞ, ವಿಶೇಷ ಮಕ್ಕಳ ಉಪಾಧ್ಯಾಯ, ಸಮಾಜಕಾರ್ಯಕರ್ತ ಎಂಬ ಬೇರೊಂದು ಅರ್ಹತೆಯಿಂದ ಕೆಲಸಕ್ಕೆ ಸೇರಿ, ಅಲ್ಲಿ ಈ ವಿದ್ಯೆಯನ್ನು ಉಪಯೋಗಿಸುವುದೇ ಸದ್ಯಕ್ಕೆ ವಿವೇಕದ ಕ್ರಮ. ಆದರೆ ಕಾಲವು ನಿಂತಿಲ್ಲ. ೧೯೮೫ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಮನೋರೋಗಗಳಿಗೆ ತಾಲ್ಲೂಕಿನ ಸಣ್ಣ ಆಸ್ಪತ್ರೆಗಳಲ್ಲಿಯೇ ಉಪಚಾರ ದೊರೆಯುವಂತೆ ಮಾಡಿ ತೋರಿಸಿದರು; ೧೯೯೬ರಲ್ಲಿ ಅದನ್ನೇ ಮಾದರಿಯಾಗಿ ಹಿಡಿದು ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಉಪಚಾರವು ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಗೆ ಇಳಿಯುತ್ತ ಬಂದಂತೆ ಹಳ್ಳಿಯ ಮಾತನ್ನೂ ಮೌನವನ್ನೂ ಬಲ್ಲವರು ಬೇಕಾಗುತ್ತಾರೆ. ಸಾಲದಿಂದ ಕುಸಿದ ರೈತನ ಮನೆಯಲ್ಲಿ ಮಾತು ನಿಂತುಹೋದ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲವಳು, ಅದೇ ಕಬ್ಬು ಬತ್ತಗಳ ಬಯಲಿನಲ್ಲಿ ಬೆಳೆದ ಹುಡುಗಿಯಾದರೆ, ದೂರದ ಪಂಡಿತನಿಗಿಂತ ಅವಳಿಗೆ ಅಧಿಕಾರವು ಹೆಚ್ಚು. ಬಾಬುರಾಯನಕೊಪ್ಪಲಿನಂಥ ಊರಿನಲ್ಲಿ ಮಗಳು ಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಬರೆದರೆ, ಕಾಲಹರಣವೆಂದು ಗದರಿಸುವ ಮೊದಲು ತಂದೆತಾಯಿಗಳು ಇದನ್ನೂ ಒಮ್ಮೆ ಆಲೋಚಿಸಬೇಕು.

ದರಿಯಾ ದೌಲತ್ತಿನ ಚಿತ್ರಗಳು ಒಮ್ಮೆ ಮಾಸಿಹೋಗಿದ್ದವು. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಅವನ್ನು ಮತ್ತೆ ಬರೆಯಿಸಿದರು. ಅರಸನ ಚಿತ್ರವನ್ನು ಹಾಗೆ ಇನ್ನೊಬ್ಬನ ಕೈಯಿಂದ ಪುನಃ ಬರೆಯಿಸಬಹುದು. ನೊಂದವನ ಚಿತ್ರವನ್ನು ಇನ್ನೊಬ್ಬರು ಬರೆಯಲಾರರು, ತಿದ್ದಲಾರರು, ಅವನ ಅಪ್ಪಣೆಯಿಲ್ಲದೆ ಪರರಿಗೆ ತೋರಿಸಲೂ ಬಾರದು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಈ ವೃತ್ತಿಯ ಬಾಗಿಲು ತೆರೆದಿದೆ.